ಎಡಮೂಲೆ

ನಮ್ಮಪ್ಪ ನೀರುಗಂಟಿ.
ನಾಲೆಗೆ ನೀರು ಬಿಟ್ಟ ರಾತ್ರಿ
ಲಾಟೀನು ಹೋಗಿ ಟಾರ್ಚು ಬಂದರೂ
ಅದೇ ಸನಿಕೆ, ಬದುವಿನ ಮೇಲೆ ಅದೇ ನಡಿಗೆ.
ನೀರಿಗೆ ಎದುರು ನಿಲ್ಲಬಾರ್ದು ಕಣವ್ವ, ಅನ್ನುತ್ತಿದ್ದ,
ಎದುರು ನಿಂತ ಮಣ್ಣನ್ನೇ ಅದು ಮೊದ್ಲು ತಿನ್ನೋದು.
ಪಕ್ಕದಲ್ಲಿ ನಿಂತ್ಕೊ. ದಾರಿ ಬುಟ್ಟಂಗೆ ಮಾಡು.
ಬುಡಬ್ಯಾಡ.

ಮದ್ದೂರಿನ ಕಾಲೇಜು ಮೈದಾನ.
ಬೆಳಿಗ್ಗೆಯೇ ನೀರು ಚಿಮುಕಿಸಿ ಸುಣ್ಣ ಎಳೆದಿದ್ದರು.
ಮೈಸೂರಿನ ಸ್ಟೆಲ್ಲಾ ಮೇರಿ, ಜೆರ್ಸಿ ಏಳು,
ನಡುಗೆರೆ ದಾಟಿದಳೆಂದರೆ ಒಬ್ಬಳಲ್ಲ.
ಬಲಕ್ಕೊಬ್ಬಳು, ಎಡಕ್ಕೊಬ್ಬಳು,
ಬೋನಸ್ ಗೆರೆಯಾಚೆ ಕಾಲಿಟ್ಟು ತೆಗೆದವಳು ಮತ್ತೊಬ್ಬಳು.
ನಮ್ಮ ಏಳು ಜನರನ್ನು ಅಂಕಣದ ತುಂಬ
ಒಣಹಾಕಿದ ಭತ್ತದ ಹಾಗೆ ಹರವಿದಳು.
ಒಬ್ಬಳು ಮೇಲೆ ಬಿದ್ದರೆ
ಬಿದ್ದವಳು ಬಿಟ್ಟ ಸಂದಿಯಲ್ಲಿ ನುಗ್ಗಿ
ಇನ್ನಿಬ್ಬರನ್ನು ಮುಟ್ಟಿಕೊಂಡೇ ಹೋದಳು.
ನಾನು ಎರಡು ಸಲ ಅವಳ ಪಾದಕ್ಕೆ ಹಾರಿದೆ.
ಎರಡು ಸಲವೂ ಹಿಡಿದದ್ದು ಮಣ್ಣು,
ಹಲ್ಲಿನ ಸಂದಿಯಲ್ಲಿ ಸುಣ್ಣ.
ಒಂಬತ್ತಕ್ಕೆ ಹತ್ತೊಂಬತ್ತು.

ವಿರಾಮದಲ್ಲಿ ಚಿಕ್ಕಬೋರಯ್ಯ ಮೇಷ್ಟ್ರು ಬೈಯಲಿಲ್ಲ.
ಗ್ಲೂಕೋಸ್ ಡಬ್ಬದ ಮುಚ್ಚಳ ತೆಗೆಯಲಾರದೆ
ಅಂಗಿಯ ಚುಂಗು ಸುತ್ತಿ ತಿರುಗಿಸುತ್ತ ಹೇಳಿದರು:
"ಕಣ್ಣು ನೋಡ್ಬ್ಯಾಡಿ, ಕಣ್ಣು ಸುಳ್ಳು.
ಕೈಯಿ ಅದಕ್ಕಿಂತ ಸುಳ್ಳು.
ಸೊಂಟ ನೋಡಿ.
ಸೊಂಟ ಮನೇಲಿ ಬುಟ್ಟು ಯಾವಳೂ ಎಲ್ಲಿಗೂ ವೋಗಕಾಗಕಿಲ್ಲ.
ಮೂಲೆಯವಳೇ, ನೀನು ಹಾರಂಗಿಲ್ಲ.
ಹಿಡಿಯೋದು ನಿನ್ನ ಕೆಲ್ಸ ಅಲ್ಲ,
ಆ ಕಡೆ ದಾರಿ ಇಲ್ದಂಗೆ ಮಾಡೋದು."
ಮುಚ್ಚಳ ಕಳಚಿತು, ಪುಡಿಯೆಲ್ಲ ಪ್ಯಾಂಟಿನ ಮೇಲೆ.
ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕೆವು.

ಮತ್ತೆ ಇಳಿದಾಗ ನಾವು ಓಡಲಿಲ್ಲ.
ಬಿಂದುಶ್ರೀಯ ಬೆವರುಗೈ ನನ್ನ ಬೆವರುಗೈಯಲ್ಲಿ.
ಅವಳು ಅರ್ಧ ಹೆಜ್ಜೆ, ನಾನು ಅರ್ಧ ಹೆಜ್ಜೆ,
ಕುಡುಗೋಲಿನ ಬಾಯಿಯಂತೆ ಬಾಗಿದ ಸಾಲು.
ಸ್ಟೆಲ್ಲಾ ಬಂದಳು. ಕಬಡ್ಡಿ ಕಬಡ್ಡಿ ಎಂಬ ಉಸಿರು
ತೂಬಿನ ಬಾಯಿಯ ಸದ್ದಿನಂತೆ, ಎಡೆಬಿಡದೆ.
ಬರಿಗೈಯಲ್ಲಿ ಹೋದಳು.
ಇನ್ನೊಮ್ಮೆ ಬಂದಳು. ಬರಿಗೈ.
ಕಾಂಪೌಂಡಿನಾಚೆ ಕಬ್ಬಿನ ಲೋಡಿನ ಮೇಲೆ ಕೂತಿದ್ದವನು
"ಹಿಡೀರವ್ವೋ, ನಿದ್ದೆ ಮಾಡ್ತಿದ್ದೀರಾ!" ಎಂದು ಕೂಗಿದ.
ಹಿಡಿಯದೆ ನಿಲ್ಲುವುದು
ತೊಡೆಯ ಒಳಗೆ ಎಷ್ಟು ನಡುಗುತ್ತದೆ ಎಂದು
ಅಷ್ಟು ಎತ್ತರದಲ್ಲಿ ಕೂತವನಿಗೆ ಹೇಗೆ ಹೇಳಲಿ?

ಮೂರನೆಯದು, ಮಾಡು ಇಲ್ಲವೇ ಮಡಿ.
ಕಣ್ಣು ಬಲಮೂಲೆಯನ್ನು ನೋಡುತ್ತಿತ್ತು,
ಕೈ ನಡುವಿನವಳನ್ನು ಕೆಣಕುತ್ತಿತ್ತು,
ಸೊಂಟ ನನ್ನ ಕಡೆ ತಿರುಗಿತು.
ನಾನು ಎಡಗಾಲನ್ನು ಒಂದು ಗೇಣು ಮುಂದಿಟ್ಟೆ,
ತೂಬನ್ನು ಒಂದು ಗೇಣು ಎತ್ತಿದ ಹಾಗೆ.
ನೀರು ನೋಡಿತು.
ಅವಳ ಕಾಲ್ಬೆರಳು ಬರುವ ಹೊತ್ತಿಗೆ
ನನ್ನ ಕಾಲು ಅಲ್ಲಿರಲಿಲ್ಲ.
ಅವಳು ಬಂದ ದಾರಿಯೂ ಇರಲಿಲ್ಲ:
ಅಲ್ಲಿ ಬಿಂದುಶ್ರೀಯ ಭುಜವಿತ್ತು.
ಇಬ್ಬರೂ ಉರುಳಿದ ಕಡೆ ಸುಣ್ಣದ ಗೆರೆ ಅಳಿಸಿಹೋಗಿ
ಅಂಪೈರು ಬಗ್ಗಿ ಹುಡುಕಿದ. ಆಮೇಲೆ ಸೀಟಿ.

ಪುಸ್ತಕದಲ್ಲಿ ಬರೆದದ್ದು ಬಿಂದುಶ್ರೀ, ಒಂದು ಪಾಯಿಂಟು.
ನನ್ನ ಹೆಸರಿನ ಮುಂದೆ ಇಡೀ ಆಟಕ್ಕೂ ಸೊನ್ನೆ.
ಸೋತೆವು ಅನ್ನಿ, ಮೂರರಲ್ಲಿ,
ಇಪ್ಪತ್ತೊಂದಕ್ಕೆ ಇಪ್ಪತ್ನಾಕು.

ನಲ್ಲಿಯ ಬಳಿ ತರಚಿದ ಮೊಣಕೈ ತೊಳೆಯುತ್ತ
ಸ್ಟೆಲ್ಲಾ ಕೇಳಿದಳು,
"ಎಡಮೂಲೆ ನೀನೇ ಅಲ್ವಾ?
ಆಮೇಲೆ ಯಾಕೆ ಒಂದು ಸಲಾನೂ ಹಾರಲಿಲ್ಲ?"
"ನಮ್ಮಪ್ಪ ನೀರುಗಂಟಿ," ಎಂದೆ.
"ಹಾಗಂದ್ರೆ?"

ನಲ್ಲಿಯ ನೀರು ಕಲ್ಲು ದಾಟಿ
ನಮ್ಮ ಕಾಲುಗಳ ನಡುವೆ ಇಳಿಜಾರು ಹುಡುಕುತ್ತಿತ್ತು.
ಹಿಮ್ಮಡಿಯಲ್ಲಿ ಒಂದಿಷ್ಟು ಮಣ್ಣು ಎಳೆದೆ.
ನೀರು ತುಸು ತಡೆದು, ಯೋಚಿಸಿ,
ಅವಳ ಚಪ್ಪಲಿಯ ಕಡೆಗೆ ಹೊರಳಿತು.