ಕಾಲಿಗೆ ಬುದ್ಧಿ

ನಮ್ಮೂರ ಹೆಸರಿಗೆ ದೋಣಿ ಎಂದು ಅರ್ಥ. ವುಚ್.
ನದಿ ಮಾತ್ರ ಎಲ್ಲೂ ಕಾಣುವುದಿಲ್ಲ.
ಗಿರಣಿಗಳ ಕಾಲದಲ್ಲೇ ನೀರನ್ನು ಕೊಳವೆಗಿಳಿಸಿ
ಮೇಲೆ ಕಲ್ಲು ಹಾಸಿದರು, ಕಲ್ಲಿನ ಮೇಲೆ ಹಳಿ.
ಆ ಹಳಿಯ ಮೇಲೋಡುವ ಟ್ರಾಮುಗಳ
ಹೊಟ್ಟೆಯಡಿ ಅಂಗಾತ ಮಲಗಿ
ಮೂವತ್ತೊಂದು ವರ್ಷ ಸ್ಪ್ರಿಂಗು ಬದಲಿಸಿದವನು ನಾನು.

ಚಾಲಕರ ಪಾದದಡಿ ಒಂದು ಪೆಡಲು.
ಒತ್ತಿಯೇ ಇರಬೇಕು.
ಎತ್ತಿದರೆ ಮೊದಲು ಗಂಟೆ, ಆಮೇಲೆ ಬ್ರೇಕು.
ಪುಸ್ತಕದಲ್ಲಿ ಅದರ ಹೆಸರು ಚುವಾಕ್,
ಎಚ್ಚರ ಕಾಯುವವನು.
ಡಿಪೋದ ಒರಟು ಬಾಯಲ್ಲಿ: ಹೆಣದ ಮೆಟ್ಟು.
ಕೂತಲ್ಲೇ ಸತ್ತರೆ
ಗಾಡಿಯಾದರೂ ನಿಲ್ಲಲಿ ಎಂದು.

ಪಾದ ಸುಳ್ಳು ಹೇಳುವುದಿಲ್ಲ.
ನಿದ್ದೆಗೆಟ್ಟವರ ಪೆಡಲು ಅಂಚಿನಲ್ಲಿ ಸವೆಯುತ್ತದೆ,
ಹೊಸಬರದು ನಟ್ಟನಡುವೆ,
ವಾವ್ಝಿನ್ಯೆತ್ಸ್‌ನದು ಎಲ್ಲೆಂದರಲ್ಲಿ.
ಬೊಗುಮಿವಾಳ ಪೆಡಲು
ಒಳಕ್ಕೆ ಬಾಗಿತ್ತು. ಕಬ್ಬಿಣ, ಬಾಗಿತ್ತು.
ಎರಡು ವರ್ಷ ಬಾಳುವ ಸ್ಪ್ರಿಂಗು
ಏಳೇ ತಿಂಗಳಿಗೆ ಸತ್ತಿತ್ತು.
ನಿನಗೇನಾಗಿದೆ, ಎಂದೆ.

ಥರ್ಮಾಸಿನ ಮುಚ್ಚಳದಲ್ಲಿ ಚಹಾ ಹಂಚಿಕೊಂಡು
ಹೇಳಿದಳು: ಚಾಲಕರು ಸಾಲದು, ವಾರಕ್ಕೆ ಆರು ದಿನ,
ಬೆಳಗಿನ ಮೂರೂಮುಕ್ಕಾಲಿಗೆ ಅಲಾರಂ,
ಕಣ್ಣೆದುರು ಪರದೆ, ಅದರಲ್ಲಿ ಕೆಂಪಗೆ
ಎಷ್ಟು ನಿಮಿಷ ತಡ, ಎಷ್ಟು ನಿಮಿಷ ತಡ.
ಮನೆಯಲ್ಲಿ ಊಟದ ಮೇಜಿನಡಿ
ಒಂದು ಹೆಂಚು ಆಗಲೇ ಬಿರುಕು ಬಿಟ್ಟಿದೆ.
ರಾತ್ರಿ ಗಂಡನ ಮೊಣಕಾಲ ಮೇಲೆ ಒತ್ತುತ್ತೇನಂತೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಹಾಸಿಗೆ ಇದೆ ಮಾರಾಯ,
ಕಾಲೇ ಬರುವುದಿಲ್ಲ.

ರಜೆ ಕೇಳು, ಎಂದೆ.
ಕೇಳಿದೆ, ಕರಪತ್ರ ಕೊಟ್ಟರು:
ಉಸಿರಾಡುವ ಹತ್ತು ವಿಧಾನ.
ನಾಲ್ಕನೆಯದಕ್ಕೆ ಬರುವಷ್ಟರಲ್ಲಿ
ಸಿಗ್ನಲ್ ಹಸಿರಾಗುತ್ತದೆ.

ಫೆಬ್ರವರಿ. ಸಂಜೆ ಐದೂ ನಲವತ್ತು.
ಹಳೇ ಗಿರಣಿಯ ಕೆಂಪುಗೋಡೆಯ ತಿರುವು.
ಗಾಡಿಯೊಳಗೆ ಒದ್ದೆ ಕೋಟುಗಳು, ಭುಜಕ್ಕೆ ಭುಜ.
ಅವಳು ಸಾಯಲಿಲ್ಲ. ತೂಕಡಿಸಲಿಲ್ಲ.
ಕಾಲು ಎತ್ತಿದಳು.
ಗಂಟೆ. ಬ್ರೇಕು.
ಆಮೇಲೆ ಬೂಟು ಬಿಚ್ಚಿ
ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು,
ಯಾರೋ ಕೊಟ್ಟುಹೋದ ಮಗುವಿನ ಹಾಗೆ.

ಹನ್ನೊಂದು ನಿಮಿಷ.
ಬೈದರು, ಫೋಟೋ ಹಿಡಿದರು,
ಒಬ್ಬ ಅಧಿಕಾರಿಗೆ ಫೋನು ಹಚ್ಚಿದ.
ಈರುಳ್ಳಿ ಚೀಲದ ಮುದುಕಿಯೊಬ್ಬಳು
ಉಂಗುರದಿಂದ ಗಾಜು ಕುಟ್ಟಿ ಅಂದಳಂತೆ:
ನಾನು ಇದೇ ಗಿರಣಿಯಲ್ಲಿ ನೇಯ್ದವಳು ಮಗಳೇ,
ಶನಿವಾರ ಶನಿವಾರ ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದರು.
ನಮಗೆ ಬಿಡಲಿಲ್ಲ.
ಕೂತಿರು. ಈರುಳ್ಳಿ ಹಳಸುವುದಿಲ್ಲ.

ಮರುದಿನ ನನ್ನ ಮುಂದೆ ಒಂದು ಅರ್ಜಿ ಬಂತು.
ಪೆಡಲಿನಲ್ಲಿ ದೋಷವಿತ್ತೇ? ಹೌದು / ಇಲ್ಲ.
ಹೌದು ಎಂದಿದ್ದರೆ ಅವಳು ಬಚಾವು.
ರಾತ್ರಿಯಿಡೀ ಪೆನ್ನು ತಿರುಗಿಸುತ್ತಾ ಕೂತೆ.
ಬರೆದದ್ದು ಇಷ್ಟು:
ಪೆಡಲು ಸರಿಯಾಗಿ ಕೆಲಸ ಮಾಡಿದೆ.
ಒಳಗಿನ ಮನುಷ್ಯ ಮುಗಿದಾಗ ನಿಲ್ಲಬೇಕಿತ್ತು, ನಿಂತಿದೆ.
ಇದನ್ನು ಮಾಡಿದ ಪುಣ್ಯಾತ್ಮನಿಗೆ
ನಾವು ದಣಿಯುತ್ತೇವೆ ಎಂದು ಗೊತ್ತಿತ್ತು.
ಸ್ಪ್ರಿಂಗು ಸಾಯುವುದು ಒತ್ತಿದ್ದಕ್ಕಲ್ಲ ಸ್ವಾಮಿ,
ಬಿಡದೇ ಇದ್ದದ್ದಕ್ಕೆ.

ಕೊನೆಯ ನಾಲ್ಕು ಸಾಲನ್ನು ಅವರು ಕೆಂಪು ಗೀಟಿನಿಂದ ಹೊಡೆದರು.
ಅವಳ ಬೋನಸ್ ಹೋಯಿತು.
ಡಾಕ್ಟರು ಆರು ವಾರ ಬರೆದುಕೊಟ್ಟರು,
ಮೊದಲ ಎರಡು ವಾರ ಬರೀ ಅತ್ತಳಂತೆ.

ಡಿಪೋದಲ್ಲಿ ಹೇಳುತ್ತಾರೆ, ಹೆದರಿ
ಕಾಲಿಗೆ ಬುದ್ಧಿ ಹೇಳಿದಳು ಎಂದು.
ತಿರುಗುಮುರುಗು.
ಕಾಲೇ ಅವಳಿಗೆ ಬುದ್ಧಿ ಹೇಳಿತು,
ಅವಳು ತಡವಾಗಿ ಕೇಳಿಸಿಕೊಂಡಳು.

ಸಂಘದವರು ಕೊನೇ ನಿಲ್ದಾಣದಲ್ಲಿ
ಕಾಲುಗಂಟೆ ಬಿಡುವು ಕೇಳಿದರು.
ಸಿಕ್ಕಿದ್ದು ಒಂಬತ್ತು ನಿಮಿಷ.
ಆ ಒಂಬತ್ತರಲ್ಲಿ ಬೊಗುಮಿವಾ ಕೆಳಗಿಳಿದು
ರಸ್ತೆ ನಡುವಿನ ಕಬ್ಬಿಣದ ಮುಚ್ಚಳದ ಪಕ್ಕ ನಿಲ್ಲುತ್ತಾಳೆ.
ಅದರಡಿ ನದಿ ಇದೆ ಎನ್ನುತ್ತಾಳೆ.
ನನ್ನ ಕಿವಿಗೆ ಏನೂ ಕೇಳಿಸಿಲ್ಲ,
ಸುತ್ತಿಗೆಯ ಕಿವಿ ಇದು.

ಅವಳ ಹೊಸ ಸ್ಪ್ರಿಂಗಿಗೆ ಈಗ ಹದಿನಾಲ್ಕು ತಿಂಗಳು.
ಎರಡು ವರ್ಷ ಆಗಿಲ್ಲ ಇನ್ನೂ.
ನೋಡೋಣ.