ಗುರುತು

ಆ ಫೋನು ವಸಿ ಈಚೆ ತಿರುಗ್ಸು ಮಗಾ, ಬಿಸಿಲು ಬೀಳ್ತದೆ.
ಇದಲ್ಲ. ಇದು ಪುನುಗು.
ಇದ್ರ ಬಾಲ ನೋಡು, ಮೈಯಷ್ಟೇ ಉದ್ದ,
ಮೇಲೆಲ್ಲ ಬಳೆ ತೊಟ್ಟಂಗೆ ಪಟ್ಟೆ.
ನಾ ಕಂಡದ್ದಕ್ಕೆ ಬಾಲವೇ ಮೋಟು,
ಗೇಣಿಗೂ ವಸಿ ಕಮ್ಮಿ.
ಸವೆದ ಪೊರಕೆ ತುಂಡಿನಂಗೆ ಅದನ್ನೇ ನೆಟ್ಟಗೆ ನಿಲ್ಸ್ಕಂಡು
ಗತ್ತಾಗಿ ಹೋಯ್ತಿತ್ತು.

ಇದೂ ಅಲ್ಲ. ಇದು ಕತ್ತೆಕಿರುಬ.
ಮುಂದೆ ಎತ್ತರ, ಹಿಂದೆ ಇಳಿಜಾರು,
ಒಂದ್ ಕಡೆ ಕುಸಿದ ಸೂರು.
ನಂದು ನೆಲಕ್ಕೆ ಅಂಟ್ಕಂಡಿತ್ತು.

ಕರಡಿ ಮರಿ ಅಂತ ಊರೋರೂ ಅಂದ್ರು.
ನನ್ನ ಗಂಡನಂತೂ ನಿದ್ದೆಗಣ್ಣು ಅಂದ.
ಕರಡಿ ಮರಿ ಪೂರ್ತಾ ಕಪ್ಪು ಕನಪ್ಪ.
ಇದು ಕೆಳಗಷ್ಟೇ ಕಪ್ಪು.
ಮೇಲೆ, ನೆತ್ತಿಯಿಂದ ಬಾಲದ ಬುಡದವರ್ಗೂ
ಬೂದಿ ಕಲಸಿದ ಬಿಳುಪು.
ಎಲ್ಲಿ ಬಿಳಿ ಮುಗೀತದೆ, ಎಲ್ಲಿ ಕಪ್ಪು ಸುರುವಾಯ್ತದೆ
ಬ್ಯಾಟ್ರಿ ಬೆಳಕಲ್ಲೂ ಗೆರೆ ಎಳ್ದಂಗೆ ಕಾಣ್ತಿತ್ತು.
ಕಿವಿ? ನಾನೂ ಹುಡುಕ್ದೆ. ಇರ್ನಿಲ್ಲ.

ಎಲ್ಲಿ ಅಂದ್ಯಾ? ಬರ್ಕೊ.
ಮಳವಳ್ಳಿ ತಾಲ್ಲೂಕು, ನಾಲೆಯ ಕಡೇ ತೂಬು,
ಬೆಟ್ಟದ ಕಡೆ ಮಖ ಮಾಡಿದ ನಮ್ಮ ಹದಿನಾಲ್ಕು ಗುಂಟೆ.
ನೀರಿನ ಸರದಿ ನಮ್ಗೆ ಬರೋದೇ ರಾತ್ರಿ ಎರಡರ ಮೇಲೆ,
ಮೇಲಿನ ಗದ್ದೆಯೋರು ಕುಡಿದು ಮಿಕ್ಕದ್ದು.
ಗುದ್ಲಿ ಹಿಡ್ಕಂಡು ಮಡೆ ತಿರುಗಿಸ್ತಿದ್ದೆ.
ಬದಿನ ತೂತಲ್ಲಿ ಜೇನು ಕಟ್ಟಿತ್ತು, ಗೊತ್ತಿತ್ತು ನಂಗೆ.
ಅಲ್ಲಿಂದ ಮಣ್ಣು ಹಾರಿ ಬಂದು ನನ್ನ ಕಾಲಿಗೆ ಬಿತ್ತು.
ಕೂಲಿಗೆ ತೋಡೋ ಮಣ್ಣಲ್ಲ ಅದು,
ಸ್ವಂತಕ್ಕೆ ತೋಡೋ ಮಣ್ಣು,
ಅಷ್ಟು ಬಿರುಸು.

ಬ್ಯಾಟ್ರಿ ಬಿಟ್ಟೆ. ಓಡ್ನಿಲ್ಲ.
ರೇಷನ್ ಅಂಗಡಿಯೋನು ಒಂದ್ ಸತಿ ತಲೆ ಎತ್ತಿ ನೋಡ್ತಾನಲ್ಲ,
ಇನ್ನೂ ನಿಂತಿದ್ದೀಯಾ ಅಂತ,
ಹಂಗೆ ನೋಡ್ತು.
ಮಖದ ತುಂಬ ಜೇನ್ನೊಣ.
ಮತ್ತೆ ತೋಡ್ತು.

ಬೆಳಗಾದ ಮೇಲೆ ಕೆಸರಲ್ಲಿ ಹೆಜ್ಜೆ ನೋಡ್ದೆ.
ನಾಯಿಗೆ ನಾಲ್ಕು. ನರಿಗೆ ನಾಲ್ಕು. ಚಿರತೆಗೂ ನಾಲ್ಕೇ.
ಇದಕ್ಕೆ ಐದು.
ಬೆರಳಿಂದ ಅಂಗುಲ ಮುಂದಕ್ಕೆ ಉಗುರಿನ ತೂತು, ಅವೂ ಐದು,
ನಾಟಿ ಹಾಕೋ ಹೆಂಗಸು ಜಾರಿ ಕೈ ಊರಿದಂಗೆ.
ಅಲ್ಲೇ ಕುಂತ್ಕಂಡೆ ಕನಪ್ಪ.
ಸೀರೆ ನೆನೆದದ್ದೂ ಗೊತ್ತಾಗ್ನಿಲ್ಲ.

ತಡಿ, ಹಿಂದಕ್ಕೆ ಹೋಗು.
ಇದು. ಇದೇ.
ತರಕರಡಿ ಅಂತೀರಾ?
ಇಷ್ಟು ದಿನ ಹೆಸರಿತ್ತಾ ಇದಕ್ಕೆ?

ಇದೇ ಊರಲ್ಲಿ ಹುಟ್ಟಿ ಇದೇ ಊರಿಗೆ ಸೊಸೆಯಾದೋಳು ನಾನು.
ಆಗ ನಂಗೆ ಒಂಬತ್ತು.
ಹಿತ್ಲ ಮನೆ ಕೂಸು ಮೂರು ದಿನಕ್ಕೆ ತೀರ್ಕಂತು,
ಹಳ್ಳದ ದಿಣ್ಣೆ ಮೇಲೆ ಮಣ್ಣು ಮಾಡಿದ್ರು.
ಬೆಳಗ್ಗೆ ನೋಡಿದ್ರೆ ಗುಣಿ ಬಾಯಿ ತೆರ್ದಿತ್ತು.
ಸೂಲಗಿತ್ತಿ ಕೆಂಪಾಜಮ್ಮನೇ ತೆಗ್ದವ್ಳೆ ಅಂದ್ರು,
ಮಾಟಕ್ಕೆ ಅಂದ್ರು.
ಅರ್ಧ ಊರಿನ ಹೊಕ್ಕುಳು ಕೊಯ್ದೋಳು ಅವಳು,
ಅಂದೋರದ್ದೂ, ನಂದೂ.
ಗುಡಿಸಲಿನ ಗಳ ಕಿತ್ತು ಬೀದಿಗೆ ಹಾಕಿದ್ರು.
ಒಂದು ಕೋಳೀನ ಸೆರಗಲ್ಲಿ ಸುತ್ಕಂಡು
ಶಿಂಷಾ ಹೊಳೆ ದಾಟಿ ಹೋದ್ಲು.
ಅವಳಿಗೆ ಯಾವ ಊರೋರು ಗುಣಿ ತೆಗೆದ್ರೋ.

ದೊಡ್ಡೋರ ಕಾಲ ಸಂದೀಲಿ ನುಗ್ಗಿ ನಾನು ನೋಡಿದ್ದೆ.
ಗುಣಿ ಅಂಚಲ್ಲಿ ಐದು ಗೀರು.
ಪಕ್ಕದಲ್ಲಿ ಇನ್ನೈದು. ಆಳಕ್ಕೆ.
ಕೆಂಪಾಜಮ್ಮನ ಕೈ ನಂಗೆ ಗೊತ್ತಿತ್ತು.
ಎಳೇ ಕೂಸಿಗೆ ತಾಗೀತು ಅಂತ
ದಿನಾ ಒಗೆಯೋ ಕಲ್ಲಿಗೆ ಉಜ್ಜಿ ಉಜ್ಜಿ
ಉಗುರೇ ಇರ್ನಿಲ್ಲ ಅವಳಿಗೆ.
ಯಾರೂ ಕೇಳ್ನಿಲ್ಲ.
ನಾನೂ ಹೇಳ್ನಿಲ್ಲ.

ನಿನ್ನ ಹಾಳೇಲಿ ಒಂದು ಕಾಲಂ ಓದಿದ್ಯಲ್ಲ,
‘ಈ ಹಿಂದೆ ಈ ಭಾಗದಲ್ಲಿ ಕಂಡುಬಂದಿದೆಯೇ’ ಅಂತ,
ಅದಕ್ಕೆ ಗೆರೆ ಎಳೀಬ್ಯಾಡ.
ಬರಿ.
ನಲವತ್ತೊಂದು ವರ್ಷದ ಕೆಳಗೆ, ಹಳ್ಳದ ದಿಣ್ಣೆ.
ಗುರುತು: ಐದು ಬೆರಳು, ಉದ್ದ ಉಗುರು.
ಕಂಡವರು: ನಿಂಗಾಜಮ್ಮ, ಒಂಬತ್ತು ವರ್ಷ.
ಜಾಗ ಮಿಕ್ಕಿದ್ರೆ ಅವಳ ಹೆಸರೂ ಒಂದು ಹಾಕು ಮಗಾ,
ಯಾವ ಕಾಲಮ್ಮಲ್ಲಾದ್ರೂ ಸರಿ.