ಹತ್ತು ಹನಿ, ಅರ್ಧ ಲೋಟ ನೀರು

ಕಾರವಾರದ ಭಾನುವಾರದ ಸಂತೆ. ಒಣಮೀನಿನ ಸಾಲು ಮುಗಿದು
ಬಳೆಯವರು ಶುರುವಾಗುವ ಮೊದಲು ನನ್ನದೊಂದು ಮೇಜು.
ಮೇಜೆಂದರೆ ಐಸಿನ ಪೆಟ್ಟಿಗೆ, ಬೋರಲು,
ಮೇಲೊಂದು ಹಳೆ ಸೀರೆ.
ಕಂದು ಗಾಜಿನ ಸೀಸೆಗಳು ಮೂವತ್ತಾರು
ಕೊಡೆಯ ನೆರಳಲ್ಲಿ ಒತ್ತಿಕೊಂಡು ಕೂತಿವೆ.
ಬಿಸಿಲು ತಾಗಿದರೆ ಒಳಗಿನದು ಸೊರಗುತ್ತದೆ.
ಕೊಡೆ ಅವಕ್ಕೆ ಸಾಕಾಗುತ್ತದೆ, ನನಗಲ್ಲ.

ಬನ್ನಿ, ಮುಟ್ಟಿ ನೋಡಿ, ಅಡ್ಡಿಲ್ಲ.
ಮುಚ್ಚಳದ ರಬ್ಬರು ಒತ್ತಿ, ಬಿಡಿ. ನಳಿಗೆಯಲ್ಲಿ ತಾನೇ ಏರುತ್ತದೆ.
ಗಾಳ ಹಾಕಿ ಗೊತ್ತಿದ್ದವರ ಕೈಗೆ ಇದು ಬೇಗ ಕೂರುತ್ತದೆ.

ಇದು ಒಂದೆಲಗ. ಅಂಕೋಲೆ ಕಡೆಯ ಗದ್ದೆಬದುವಿನದು,
ಹೊನ್ನಿ ಗೌಡ್ತಿ ಬುಡ ಬಿಟ್ಟು ಎಲೆ ಮಾತ್ರ ಚಿವುಟಿ ತಂದದ್ದು.
ಬುಡ ಸಮೇತ ಕಿತ್ತು ತಾ ಅಂದಿದ್ದಕ್ಕೆ
ಒಂದು ತಿಂಗಳು ನನ್ನ ಅಂಗಳಕ್ಕೆ ಕಾಲಿಡಲಿಲ್ಲ ಆಕೆ.

ಇದು ಅಮೃತಬಳ್ಳಿ. ಕಹಿ.
ಎಷ್ಟು ಕಹಿಯೆಂದರೆ, ಹೋದ ವಾರ ಸೊಸೈಟಿಯ ಗುಮಾಸ್ತರು
ನಾಲಗೆಗೆ ಒಂದು ಹನಿ ತಾಗಿಸಿ ಸುಮ್ಮನಾಗಿಬಿಟ್ಟರು.
ಬಳೆಯವಳು ನನಗೆ ಚಾ ಕುಡಿಸಿದಳು.

ಇದು ಸೊಗದೆ ಬೇರು. ಬರೀ ಮೂಗಿಗೆ ಹಿಡಿಯಿರಿ.
ಅಲ್ಲ, ಮಾತಾಡಬೇಡಿ ಸ್ವಲ್ಪ ಹೊತ್ತು.

ಕಷಾಯವಲ್ಲ ಇದು, ಕುದಿಸಿಲ್ಲ.
ಹೆಚ್ಚಿ, ನೆರಳಲ್ಲಿ ಬಾಡಿಸಿ, ಗ್ಲಿಸರಿನ್ನಿನಲ್ಲಿ ಮುಳುಗಿಸಿ
ನಾಲ್ಕು ವಾರ ಭರಣಿಯಲ್ಲಿ.
ದಿನಕ್ಕೊಮ್ಮೆ ಅಲ್ಲಾಡಿಸುವುದು ನಮ್ಮ ಮನೆಯವರ ಕೆಲಸ.
ಮೊದಲು ಟ್ರಾಲರಿನ ಇಂಜಿನು ನೋಡುತ್ತಿದ್ದವರು;
ಈಗ ಭರಣಿಗೂ ಕಿವಿಗೊಟ್ಟು ಕೇಳುತ್ತಾರೆ,
ಏನು ಕೇಳುತ್ತದೋ, ಇನ್ನೂ ಹೇಳಿಲ್ಲ.

ಯಾವ ಕಾಯಿಲೆಗೆ ಅಂತ ಎಲ್ಲರೂ ಕೇಳುತ್ತಾರೆ.
ಕಾಯಿಲೆಗಲ್ಲ.
ಕಾಯಿಲೆಗೆ ಆಸ್ಪತ್ರೆ ಇದೆ, ಸಾಲು ಉದ್ದ, ಆದರೂ ಹೋಗಿ.
ಬಿ.ಪಿ. ಗುಳಿಗೆ ನುಂಗುವವರು ಡಾಕ್ಟರನ್ನು ಕೇಳಿ ಬನ್ನಿ.
ಬಸುರಿಗೆ ಕೊಡುವುದಿಲ್ಲ, ಅತ್ತೆಯೇ ಬಂದು ಜಗಳವಾಡಿದರೂ.
ಹಾಗಾದರೆ ಎಂತಕ್ಕೆ?

ಬೈತಖೋಲದ ಪುಂಡಲೀಕ ತಾಂಡೇಲರು ಕೇಳಲಿಲ್ಲ.
ಹೆಂಡತಿಗೆ ಬೇಕು ಅಂದರು, ಅಷ್ಟೆ.
ಅವಳನ್ನು ಕೇಳದೆ ದೋಣಿ ಮಾರಿದ ಮನುಷ್ಯ.
ಶೇವಂತಿಬಾಯಿ ಆಮೇಲೆ ತಾಟು ಇಡುತ್ತಿದ್ದಳು, ತೆಗೆಯುತ್ತಿದ್ದಳು,
ಸಾರಿಗೆ ಉಪ್ಪು ಸಾಲದ್ದನ್ನು ಹೇಳಲು ಕೂಡ
ಗೋಡೆಯೇ ಬೇಕಿತ್ತು ಇಬ್ಬರಿಗೂ.

ಅವಳಿಗೆ ಹತ್ತಿರದ್ದು ಮಸುಕು. ಹನಿ ಕಾಣುವುದಿಲ್ಲ.
ಹಾಗಾಗಿ ದೀಪ ಹಚ್ಚಿದ ಮೇಲೆ ಇವರು ಲೋಟ ಹಿಡಿದು
ಗಟ್ಟಿಯಾಗಿ ಎಣಿಸಬೇಕು: ಏಕ, ದೋನ, ತೀನ.
ಐಸು ಹೊತ್ತು ಹೊತ್ತು ಸತ್ತ ಬೆರಳು,
ರಬ್ಬರು ಒತ್ತಿದ್ದೂ ತಿಳಿಯುವುದಿಲ್ಲ.
ಎರಡು ಹನಿ ಒಟ್ಟಿಗೆ ಬೀಳುತ್ತವೆ, ಲೆಕ್ಕ ತಪ್ಪುತ್ತದೆ.
ಮೂರನೆಯ ವಾರವೋ ನಾಲ್ಕನೆಯದೋ,
ಕತ್ತಲ ಮೂಲೆಯಿಂದ ಅವಳ ದನಿ ಬಂತಂತೆ:
"ಒಂಬತ್ತೇ ಆಯಿತು."

ನಿಜವಾಗಿ ಹತ್ತಾಗಿತ್ತು, ಅಂದರು ನನಗೆ.
ಚೆಲ್ಲಿ, ಲೋಟ ತೊಳೆದು, ಮತ್ತೆ ಮೊದಲಿಂದ ಎಣಿಸಿದರಂತೆ.

ಇವತ್ತು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ನಿಂತಿದ್ದರು.
ಖಾಲಿ ಸೀಸೆ ಕೊಟ್ಟು, ಆ ಕಡೆ ಈ ಕಡೆ ನೋಡಿ,
ಇಪ್ಪತ್ತು ಹನಿ ಹಾಕಬಹುದೋ ಅಂತ ಕೇಳಿದರು.

ಇಲ್ಲ, ಅಂದೆ. ಹತ್ತೆಂದರೆ ಹತ್ತು.
ವ್ಯಾಪಾರಕ್ಕೆ ನಷ್ಟವೇ, ಆದರೆ ಸುಳ್ಳು ಹೇಳಲಾಗುವುದಿಲ್ಲ.
ಅವರ ಮುಖ ಸಣ್ಣದಾಯಿತು.
ನಿಧಾನ ಹಾಕಿ, ಅಂದೆ. ನಿಧಾನಕ್ಕೆ ಮಿತಿ ಬರೆದಿಲ್ಲ ಚೀಟಿಯಲ್ಲಿ.

ನಿಮಗೆ ಯಾವುದು?
ಸೀಸೆ ವಾಪಸು ತಂದರೆ ಹತ್ತು ರೂಪಾಯಿ ಕಡಿಮೆ.